ಶೀಲೋವಿನ ಕುಮಾರ್ತೆಯರನ್ನು ಕಾಯತಕ್ಕವರು ಯಾರು?

ಈ ತಿಂಗಳ ಪಾಠಕ್ಕಾಗಿ ನ್ಯಾಯಸ್ಥಾಪಕರ ಪುಸ್ತಕದ 21ನೆಯ ಅಧ್ಯಾಯದ ಕಡೇ ಭಾಗವನ್ನೂ ಸಮುವೇಲನ ಎರಡನೆಯ ಪುಸ್ತಕದ 6ನೆಯ ಅಧ್ಯಾಯವನ್ನೂ ಮನೆಯವರೆಲ್ಲರೂ ಕೂಡಿ ಓದಿರಿ. ಬೆಳೆಹಬ್ಬವು ಸಮೀಪಿಸಿರಲಾಗಿ, ಆ ರಾತ್ರಿ ದೇವಾಲಯದ ಅಂಗಳದಲ್ಲಿ ಯೌವನಸ್ಥರು ಕೋಲಾಟ ಆಡಬಹುದೋ ಎಂಬ ಪ್ರಶ್ನೆಯು ನಮ್ಮ ಸಭೆಯಲ್ಲಿ ಎದ್ದಿರುವದರಿಂದ ಈ ಭಾಗಗಳನ್ನು ಆರಿಸಿಕೊಂಡೆವು.

ಕುಣಿತವೆಲ್ಲಾ ಪಾಪವೆಂದು ಹಿರಿಯರಲ್ಲಿ ಕೆಲವರು ಹೇಳುತ್ತಾರೆ. ಸತ್ಯವೇದವು ಹಾಗೆ ಹೇಳುವದಿಲ್ಲ. ಇಸ್ರಾಯೇಲ್ಯರು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಹೊರಟಾಗ ಸ್ತ್ರೀಯರೆಲ್ಲರೂ ಕುಣಿಯುತ್ತಾ ಆಕೆಯ ಹಿಂದೆ ಹೋದರು. ತಪ್ಪಿಹೋದ ಮಗನು ಮನೆಗೆ ಬಂದ ದಿನ, ಹೊಲದಿಂದ ಬರುತ್ತಿದ್ದ ಹಿರೀಮಗನಿಗೆ ಕೇಳಿಸಿದ್ದು ವಾದ್ಯ ನಾಟ್ಯಗಳ ಶಬ್ದವೇ. ಬಂಗಾರದ ಕರುವಿನ ಮುಂದೆಯೂ ಜನರು ಕುಣಿದರು, ನಿಜ. ಹೆರೋದನ ಔತಣದಲ್ಲಿ ಒಬ್ಬ ಹುಡುಗಿಯ ನಾಟ್ಯಕ್ಕೆ ಸ್ನಾನಿಕನಾದ ಯೋಹಾನನ ತಲೆಯೇ ಬೆಲೆಯಾಯಿತು. ಆದರೆ ಆ ತಲೆಯನ್ನು ಕೇಳೆಂದು ಹುಡುಗಿಗೆ ಹೇಳಿಕೊಟ್ಟವಳು ತಾಯಿಯೇ ಎಂಬದನ್ನು ನಾವು ಬೇಗ ಮರೆಯುತ್ತೇವೆ.

ಶೀಲೋವಿನಲ್ಲಿ ವರುಷಂಪ್ರತಿ ಯೆಹೋವನ ಹಬ್ಬವು ನಡೆಯುತ್ತಿತ್ತು. ಊರಿನ ಕುಮಾರ್ತೆಯರು ಕುಣಿಯಲಿಕ್ಕೆ ಹೊರಗೆ ಬರುತ್ತಿದ್ದರು. ಯುದ್ಧದಲ್ಲಿ ಉಳಿದಿದ್ದ 600 ಮಂದಿ ಬೆನ್ಯಾಮೀನ್ಯರಿಗೆ 400 ಮಂದಿ ಕನ್ಯೆಯರು ಮಾತ್ರ ಸಿಕ್ಕಿದ್ದರು. ಮಿಕ್ಕವರು ದ್ರಾಕ್ಷೆಯ ತೋಟಗಳಲ್ಲಿ ಅಡಗಿದ್ದು, ಹುಡುಗಿಯರು ಬಂದಾಗ ಒಬ್ಬೊಬ್ಬನು ಒಬ್ಬೊಬ್ಬಳನ್ನು ಹಿಡಿದುಕೊಂಡು ಹೋಗಲಿ ಎಂಬ ಉಪಾಯವನ್ನು ಹೇಳಿಕೊಟ್ಟವರು ಪೋಕರಿಗಳಲ್ಲ, ಸಭೆಯ ಹಿರಿಯರೇ. ಹುಡುಗಿಯರ ತಂದೆಗಳೂ ಅಣ್ಣತಮ್ಮಂದಿರೂ ದೂರಿಕೊಂಡು ಬಂದರೆ ಕೊಡಬೇಕಾದ ಉತ್ತರವನ್ನು ಸಹ ಅವರು ಮುಂಚಿತವಾಗಿಯೇ ನಿಶ್ಚಯಿಸಿಟ್ಟಿದ್ದರು. ಆ ತಂದೆಗಳು ತೋಟದ ಬಳಿಯಲ್ಲಿ ನಿಂತಿದ್ದರೆಂದು ಎಲ್ಲಿಯೂ ಬರೆದಿಲ್ಲ. ಹುಡುಗಿಯರು ಕುಣಿದದ್ದು ತಪ್ಪೆಂದೂ ಬರೆದಿಲ್ಲ. ತಪ್ಪು ಕಾಯಬೇಕಾಗಿದ್ದವರದು.

ಹಾಗಾದರೆ ಕಾಯುವದು ಹೇಗೆ? ದಾವೀದನು ನಾರಿನ ಏಫೋದನ್ನು ಕಟ್ಟಿಕೊಂಡು ಮಂಜೂಷದ ಸಂಗಡ ಕುಣಿಯುತ್ತಾ ಪಟ್ಟಣಕ್ಕೆ ಬಂದಾಗ ಮೀಕಲಳು ಕಿಟಕಿಯಿಂದ ನೋಡಿ ಮನಸ್ಸಿನಲ್ಲಿ ಅವನನ್ನು ತಿರಸ್ಕರಿಸಿದಳು. ಆಕೆಯು ಆಡಿದ್ದು ಮಾನಮರ್ಯಾದೆಯ ಮಾತೇ. ಮಂಜೂಷವು ಆಕೆಯ ಕಣ್ಣಿಗೆ ಬಿದ್ದಿತೋ ಇಲ್ಲವೋ ಬರೆದಿಲ್ಲ.

ನಾವೂ ಒಂದು ಸಾರಿ ಆ ಕಿಟಕಿಯಲ್ಲಿ ನಿಂತವರೇ. ಹೋದ ಬೆಳೆಹಬ್ಬದ ರಾತ್ರಿ 14ರಿಂದ 18 ವರುಷದ ಮಕ್ಕಳು ಕೋಲು ಹಿಡಿದು ಅಂಗಳಕ್ಕೆ ಬಂದರು. ಕಾಯುವ ಕೆಲಸವು ನಮ್ಮ ಪಾಲಿಗೆ ಬಂತು. ನಾವು ಜಗಲಿಯ ಮೇಲೆ ಕೈಕಟ್ಟಿಕೊಂಡು ನಿಂತೆವು. ಹುಡುಗರೆಲ್ಲರೂ ಬೇವಿನ ಮರದ ಕಡೆಗೆ, ಹುಡುಗಿಯರೆಲ್ಲರೂ ಗೋಡೆಯ ಕಡೆಗೆ. ನಡುವೆ ಯಾರೂ ಇಲ್ಲ. ತಾಳ ಹಾಕುವವನು ಮೂರು ಸಾರಿ ಆರಂಭಿಸಿ ಮೂರು ಸಾರಿ ನಿಲ್ಲಿಸಿದನು. ಕಡೆಗೂ ಆಟವು ಕೂಡಿಬಂದಾಗ ಒಬ್ಬ ಹುಡುಗನ ಕೋಲು ತಪ್ಪಿ ಒಬ್ಬ ಹುಡುಗಿಯ ಬೆರಳಿಗೆ ತಗಲಿತು. ನೋವಾಯಿತೋ ಎಂದು ಅವನು ಕೇಳಿದನು, ಅವಳು ನಕ್ಕಳು. ಅಷ್ಟೇ. ನಾವು ಜಗಲಿಯಿಂದಲೇ ಗದರಿಸಿ, ಇಬ್ಬರ ಹೆಸರನ್ನೂ ಎತ್ತಿ ಕೂಗಿ, ಆಟದಿಂದ ಹೊರಗೆ ನಿಲ್ಲಿಸಿದೆವು. ಬೆಳಗಾಗುವಷ್ಟರಲ್ಲಿ ಊರಲ್ಲೆಲ್ಲಾ ಮಾತು ಹಬ್ಬಿತು. ಹುಡುಗನು ಮುಂದಿನ ಭಾನುವಾರ ಎಂದಿನಂತೆ ಬಂದನು. ಹುಡುಗಿಯು ಮೂರು ವಾರ ಆರಾಧನೆಗೆ ಬರಲಿಲ್ಲ. ಅವಳನ್ನು ಶಾಲೆಯಿಂದ ಬಿಡಿಸಿ ಬೇಗನೆ ಗಂಡು ನೋಡಬೇಕೆಂಬ ಆಲೋಚನೆಯು ಮನೆಯಲ್ಲಿ ನಡೆದಿತ್ತು.

ಸಭೆಯ ವೃದ್ಧೆಯೊಬ್ಬರು ನಮ್ಮನ್ನು ದಾರಿಯಲ್ಲಿ ತಡೆದು, “ಉಪದೇಶಿಯವರೇ, ಅವಳ ಬೆರಳು ಎರಡು ದಿನದಲ್ಲಿ ವಾಸಿಯಾಯಿತು. ನೀವು ಕೂಗಿದ್ದು ಮಾತ್ರ ಇನ್ನೂ ಊರಲ್ಲಿ ತಿರುಗುತ್ತಿದೆ” ಎಂದರು. ಆ ಸಾಯಂಕಾಲವೇ ನಾವು ಅವಳ ಮನೆಗೆ ಹೋಗಿ, ತಂದೆತಾಯಿಗಳ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡು ಅವಳ ಕ್ಷಮೆಯನ್ನು ಕೇಳಿದೆವು. ಮುಂದಿನ ಭಾನುವಾರ ಅದನ್ನೇ ಸಭೆಯ ಮುಂದೆಯೂ ಹೇಳಿದೆವು. ಎಲ್ಲರೆದುರಿಗೆ ಆಡಿದ ಮಾತನ್ನು ಗುಟ್ಟಾಗಿ ಹಿಂದಕ್ಕೆ ತೆಗೆದುಕೊಳ್ಳಲಿಕ್ಕೆ ಆಗುತ್ತದೆಯೇ? ಶಾಲೆಯ ಮಾತು ಅಲ್ಲಿಗೆ ನಿಂತಿತು.

ಈ ವರುಷ ಸಭಾಹಿರಿಯರು ಕೋಲಾಟಕ್ಕೆ ಒಪ್ಪಿದ್ದಾರೆ. ಭಾವಿಯ ದಾರಿಯಲ್ಲಿ ದೀಪವಿರುವದು, ಒಂಬತ್ತು ಗಂಟೆಗೆ ಆಟ ಮುಗಿಯುವದು, ಹುಡುಗಿಯರು ತಾಯಂದಿರ ಸಂಗಡ ಮನೆಗೆ ಹೋಗುವರು. ಕಾಯುವವರು ಜಗಲಿಯನ್ನು ಬಿಟ್ಟು ಮಕ್ಕಳ ಜೊತೆಯಲ್ಲಿ ಸುತ್ತಿನೊಳಗೇ ನಿಂತು ಕೋಲು ಹಿಡಿಯತಕ್ಕದ್ದು. ಯಾರನ್ನಾದರೂ ತಿದ್ದಬೇಕಾದರೆ, ಕರ್ತನು ಮತ್ತಾಯ 18ರಲ್ಲಿ ಕಲಿಸಿದಂತೆ ಅವರನ್ನು ಬೇರೆಯಾಗಿ ಕರೆದು ಹೇಳತಕ್ಕದ್ದು. ನಾವು ಹೆಜ್ಜೆ ಕಲಿಯುತ್ತಿದ್ದೇವೆ. ನಲವತ್ತು ದಾಟಿದ ಕಾಲು ಸುಲಭವಾಗಿ ಮಾತು ಕೇಳುವದಿಲ್ಲ.

ಆ ಹುಡುಗಿಯ ತಂದೆಯವರು ತಾಳ ಹಾಕಲಿಕ್ಕೆ ಒಪ್ಪಿಕೊಂಡಿದ್ದಾರೆ. ಅವಳು ಕೋಲು ಹಿಡಿಯುವಳೋ ಇಲ್ಲವೋ ಇನ್ನೂ ಹೇಳಿಲ್ಲ. ನಾವೂ ಕೇಳಲಿಲ್ಲ.