ಒಗ್ಗರಣೆ ನಿಮ್ಮದಿರಲಿ, ತರಕಾರಿ ಆ ಊರಿನದಾಗಲಿ

ಮಗಾ, ನೀನೂ ನಿನ್ನ ಹೆಂಡತಿಯೂ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಹೊರಡುವ ದಿನ ಹತ್ತಿರವಾಯಿತು. ನಿಮ್ಮಮ್ಮ ಆಗಲೇ ಸಾರಿನ ಪುಡಿಗೆ ಧನಿಯ ಒಣಗಿಸುತ್ತಿದ್ದಾಳೆ. ಹುರಿಹಿಟ್ಟು, ಹಪ್ಪಳ, ಸಂಡಿಗೆ, ತುಪ್ಪ, ಕೊನೆಗೆ ಅಕ್ಕಿಯನ್ನೂ ಕಟ್ಟಿಕೊಡುವ ಅಂದಾಜು ಅವಳದು. ತಂಗಿಗೆ ನಾನು ಹೇಳಿದರೆ ಕೇಳುವವಳಲ್ಲ. ಅದಕ್ಕೇ ಈ ದೊಡ್ಡಮ್ಮನ ನಾಲ್ಕು ಮಾತು ನಿಮ್ಮಿಬ್ಬರ ಕಿವಿಯಲ್ಲಿ ಇರಲಿ. ಅಡುಗೆಯ ಮಾತನ್ನು ಸೊಸೆಯನ್ನು ಬಿಟ್ಟು ನಿನಗೇಕೆ ಹೇಳುತ್ತಿದ್ದೇನೆ ಎಂದು ನಗಬೇಡ. ಅಲ್ಲಿ ಇಬ್ಬರೂ ದುಡಿಯುತ್ತೀರಿ, ಇಬ್ಬರೂ ಒಲೆ ಹಚ್ಚಬೇಕು.

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ನನ್ನ ಕೇಳಿದರೆ, ಕಾಳು, ಹಿಟ್ಟು, ತರಕಾರಿ ಹೋದ ಊರಿನದಾಗಲಿ. ಹುಳಿ, ಉಪ್ಪು, ಖಾರ, ಬೆಲ್ಲದ ಹದ ಮತ್ತು ಒಗ್ಗರಣೆ ನಿಮ್ಮದಾಗಿರಲಿ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಆರು ತಿಂಗಳಿಗಾಗುವಷ್ಟು ಸಾಮಾನು ಹೊತ್ತುಕೊಂಡು ಹೋಗುತ್ತಾರೆ. ಅದು ಇರುವವರೆಗೆ ಊರಿನ ಊಟ, ಮುಗಿದ ಮೇಲೆ ಬರೀ ಪಿಜ್ಜಾ. ನಡುವೆ ಒಂದು ದಾರಿ ಇದೆ ಎಂಬುದೇ ಅವರಿಗೆ ಹೊಳೆಯುವುದಿಲ್ಲ.

ಆ ದಾರಿ ನೋಡಬೇಕೆಂದರೆ ಬೆಂಗಳೂರಿನ ನಮ್ಮ ಮಲ್ಲತ್ತಹಳ್ಳಿಯಲ್ಲೇ ಒಂದು ಸುತ್ತು ಬಾ. ಕೆರೆ ಕಡೆಯಿಂದ ಕಲಾಗ್ರಾಮದವರೆಗೆ ನಡೆದರೆ ಯಾವ ಜಿಲ್ಲೆಯ ಕನ್ನಡ ಕಿವಿಗೆ ಬೀಳುವುದಿಲ್ಲ ಹೇಳು? ಜ್ಞಾನಭಾರತಿಯಲ್ಲಿ ಓದಲು ಬಂದವರು, ಅಂಬೇಡ್ಕರ್ ಎಂಜಿನಿಯರಿಂಗ್ ಕಾಲೇಜಿಗೆ ಬಂದವರು, ಕೆಲಸಕ್ಕೆಂದು ಬಂದು ಉಲ್ಲಾಳದ ಕಡೆ ಸೈಟು ಕೊಂಡು ನಿಂತವರು. ಕರಾವಳಿಯವರು ಬಂದಲ್ಲಿ ಅಂಗಡಿಗೆ ಕುಚ್ಚಲಕ್ಕಿ ಬಂತು. ಬಡಗಣ ಸೀಮೆಯವರು ಬಂದಲ್ಲಿ ರೊಟ್ಟಿ ಊಟದ ಬೋರ್ಡು ಬಂತು. ನಿಮ್ಮ ಮನೆಯನ್ನೇ ನೋಡು. ನಾವು ಮದ್ದೂರು ಕಡೆಯ ಮುದ್ದೆಯವರು, ನಿನ್ನ ಹೆಂಡತಿ ವಿಜಯಪುರದ ರೊಟ್ಟಿಯವಳು. ಈಗ ನಿಮ್ಮಲ್ಲಿ ಬಸ್ಸಾರಿಗೆ ಜೋಳದ ರೊಟ್ಟಿ ಅದ್ದಿಕೊಂಡು ತಿನ್ನುತ್ತೀರಿ, ಬದನೆಕಾಯಿ ಪಲ್ಯಕ್ಕೆ ಶೇಂಗಾ ಪುಡಿ ಉದುರಿಸುತ್ತೀರಿ. ಮದುವೆಯಾದ ಹೊಸತರಲ್ಲಿ ಮೂಗು ಮುರಿದ ನಿಮ್ಮಮ್ಮನೇ ಇವತ್ತು ಆ ಡಬ್ಬಿ ಖಾಲಿಯಾದರೆ ಕೇಳಿ ತರಿಸುತ್ತಾಳೆ. ಬೇರೆ ದೇಶಕ್ಕೆ ಹೋಗುವ ಮೊದಲೇ ನೀವು ಈ ವಿದ್ಯೆ ಅರ್ಧ ಕಲಿತಿದ್ದೀರಿ.

ಬೆಂಗಳೂರಿಗೆ ಇದು ಹೊಸದೇನೂ ಅಲ್ಲ. ಬಡಾವಣೆಗೊಂದರಂತೆ ಕಾಣುವ ಅಯ್ಯಂಗಾರ್ ಬೇಕರಿಯನ್ನೇ ತಗೋ. ಹಾಸನದ ಕಡೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಬ್ರೆಡ್ಡು, ಬನ್ನು ಇಂಗ್ಲಿಷರ ತಿಂಡಿ. ನಮ್ಮವರು ಅದರಿಂದ ಮೊಟ್ಟೆ ತೆಗೆದರು. ಅದೇ ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಸೇರಿ ಖಾರಾ ಬನ್ ಆಯಿತು. ಬ್ರೆಡ್ಡಿನ ಮೇಲೆ ಈರುಳ್ಳಿ, ಕ್ಯಾರೆಟ್ಟಿನ ಪಲ್ಯ ಕೂತು ಮಸಾಲೆ ಟೋಸ್ಟ್ ಆಯಿತು. ಉಡುಪಿ ಕಡೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲೇ ಎಂ.ಟಿ.ಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದೆವು ಎಂದು ಅವರು ಹೇಳಿಕೊಳ್ಳುತ್ತಾರೆ. ಅಕ್ಕಿ ಹೋಯಿತು, ಉದ್ದೂ ಹೋಯಿತು. ಸಾಸಿವೆ, ಕರಿಬೇವು, ಗೋಡಂಬಿಯ ಒಗ್ಗರಣೆ ಸೇರಿಕೊಂಡಿತು. ಇವತ್ತು ರವೆ ಇಡ್ಲಿಯನ್ನು ಬದಲಿ ತಿಂಡಿ ಎಂದು ಯಾರು ಕರೆಯುತ್ತಾರೆ?

ಇನ್ನೂ ಹಿಂದಕ್ಕೆ ಹೋದರೆ ನಮ್ಮದು ಎನ್ನುವುದರಲ್ಲಿ ಎಷ್ಟೋ ದೂರದಿಂದ ಬಂದದ್ದು. ನಮ್ಮ ರಾಗಿಯ ಮೂಲ ಪೂರ್ವ ಆಫ್ರಿಕಾ, ನಿನ್ನ ಹೆಂಡತಿಯ ಜೋಳದ್ದೂ ಆಫ್ರಿಕಾವೇ. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು 16ನೇ ಶತಮಾನದಲ್ಲಿ ಅದನ್ನು ಪಡುವಣ ತೀರಕ್ಕೆ ತಂದರು. ಅಲ್ಲಿಯವರೆಗೆ ಖಾರ ಎಂದರೆ ಕಾಳುಮೆಣಸು, ಶುಂಠಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೊರಗಿನಿಂದ ಬಂದ ಗಿಡ ನಮ್ಮ ಮಣ್ಣಿನ ಹೆಸರಿನಲ್ಲೇ ರುಜು ಹಾಕಿಸಿಕೊಂಡಿತು. ನಿಮ್ಮ ಅಡುಗೆಯಲ್ಲಿ ಪರದೇಶದ ಸೊಪ್ಪು ಬಿತ್ತು ಎಂದು ಮನಸ್ಸಿಗೆ ಕಸಿವಿಸಿಯಾದರೆ ಇದನ್ನು ನೆನಪು ಮಾಡಿಕೊಳ್ಳಿ.

ಈಗ ಕೆಲಸದ ಮಾತು. ಸ್ಟಟ್‌ಗಾರ್ಟ್‌ನಲ್ಲಿ ನವಿಲುಕೋಸು ಧಾರಾಳ. ಅವರು ಕೋಲ್‌ರಾಬಿ ಎಂದು ಕರೆದು ಹಸಿಯಾಗಿಯೇ ಕಚ್ಚಿ ತಿನ್ನುತ್ತಾರೆ. ನಾವು ಹುಳಿ ಮಾಡೋಣ. ಶರತ್ಕಾಲದಲ್ಲಿ ಹೊಕ್ಕೈಡೋ ಎಂಬ ಕೆಂಪು ಕುಂಬಳ ಬರುತ್ತದೆ, ಸಿಪ್ಪೆ ಸಮೇತ ಮೆತ್ತಗೆ ಬೇಯುತ್ತದೆ. ಚಳಿಗಾಲಕ್ಕೆ ಗ್ರ್ಯೂನ್‌ಕೋಲ್ ಎಂಬ ಸುರುಳಿ ಎಲೆಯ ಸೊಪ್ಪಿದೆ. ಎಳೆಯದಲ್ಲ, ಚೆನ್ನಾಗಿ ಬೇಯಿಸಬೇಕು. ಆ ಸೀಮೆಯವರ ಮನೆ ಊಟವೇ ಕಂದು ಬಣ್ಣದ ಬೇಳೆಕಾಳು. ಇಡೀ ಚನ್ನಂಗಿಯ ಜಾತಿಯದು. ಅದಕ್ಕೆ ವಿನಿಗರ್ ಹುಳಿ ಹಾಕಿ, ಶ್ಪೆಟ್ಸ್ಲೆ ಎಂಬ ಹಿಟ್ಟಿನ ಎಳೆಗಳ ಜೊತೆ ತಿನ್ನುತ್ತಾರೆ. ಹುಳಿ ಬಿದ್ದರೇ ಬೇಳೆಗೆ ರುಚಿ ಎಂದು ತಿಳಿದ ಜನ ಅವರು, ನಮಗೆ ಪರಕೀಯರಲ್ಲ. ಆ ಕಾಳನ್ನೂ ಈ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಬೆಂದದ್ದು ಪಲ್ಯಕ್ಕೆ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಕಾಯಿ, ಖಾರದ ಪುಡಿ, ಹುಣಸೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಬಸ್ಸಾರು ಆಗಲೇಬೇಕು, ಇನ್ನೇನಾದೀತು?

ಮುದ್ದೆಗೆ ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ. ಸಿಗದ ವಾರ ಇಟಲಿಯವರ ಪೊಲೆಂಟಾ ಹಿಟ್ಟು ತನ್ನಿ. ಮುಸುಕಿನ ಜೋಳದ್ದು. ಅವರೂ ಕುದಿಯುವ ನೀರಿಗೆ ಸುರಿದು ಕೋಲಿನಲ್ಲಿ ತಿರುವುವವರೇ. ಗಟ್ಟಿಯಾಗಿ ತಿರುವಿದರೆ ಸಾರಿನ ಜೊತೆ ಇಳಿಯುತ್ತದೆ. ವಿಜಯಪುರದವಳಿಗೆ ಒಂದು ಸಂತೋಷದ ಸುದ್ದಿ: ಅಗಸೆ ಅಲ್ಲಿ ಪ್ರತಿ ಸೂಪರ್‌ಮಾರ್ಕೆಟ್ಟಿನಲ್ಲೂ ಇದೆ. ಅಗಸೆ ಹಿಂಡಿಯನ್ನು ಇಲ್ಲಿಂದ ಹೊರಬೇಕಿಲ್ಲ, ಅಲ್ಲೇ ಬಿಸಿಬಿಸಿ ಹುರಿದು ಕುಟ್ಟಿಕೊಳ್ಳಬಹುದು. ಉಪ್ಪಿಟ್ಟಿಗೆ ಡ್ಯೂರಮ್ ಗೋಧಿಯ ರವೆ ನಡೆಯುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ರೂಬಾರ್ಬ್ ಎಂಬ ಕೆಂಪು ದಂಟು ಬರುತ್ತದೆ. ಮಾವಿನಕಾಯಿಯನ್ನು ನೆನಪಿಸುವ ಹುಳಿ, ಗೊಜ್ಜಿಗೂ ಚಿತ್ರಾನ್ನಕ್ಕೂ ಆಗುತ್ತದೆ. ದಂಟನ್ನು ಮಾತ್ರ ಬಳಸಿ, ಎಲೆ ವಿಷ. ತೆಂಗಿನಕಾಯಿ ಸಿಗದಿದ್ದರೆ ಕೇಕಿಗೆಂದು ಮಾರುವ ಸಕ್ಕರೆ ಹಾಕದ ಒಣತುರಿಯನ್ನು ಬಿಸಿನೀರಿನಲ್ಲಿ ನೆನೆಸಿ ರುಬ್ಬಿ.

ಅಮೆರಿಕಕ್ಕೆ ಮೊದಲು ಹೋದ ನಮ್ಮವರಿಂದ ಕಲಿಯುವುದಿದೆ. 1965ರಲ್ಲಿ ಆ ದೇಶದ ವಲಸೆ ಕಾನೂನು ಬದಲಾದ ಮೇಲೆ ಕನ್ನಡದವರೂ ಹೋದರು, 1973ರಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಕಟ್ಟಿಕೊಂಡರು. ಇಂಡಿಯನ್ ಅಂಗಡಿಗಳು ವಿರಳವಾಗಿದ್ದ ಕಾಲ. ಬೆಳಗಿನ ಗಂಜಿಗೆಂದು ಮಾರುವ ಕ್ರೀಮ್ ಆಫ್ ವೀಟ್‌ನಲ್ಲಿ ಉಪ್ಪಿಟ್ಟು ಮಾಡಿದರು, ಹಸಿರು ಸೇಬನ್ನು ತುರಿದು ಮಾವಿನಕಾಯಿ ಚಿತ್ರಾನ್ನದ ಆಸೆ ತೀರಿಸಿಕೊಂಡರು, ಕ್ರ್ಯಾನ್‌ಬೆರಿ ಹಣ್ಣಿನಲ್ಲಿ ಉಪ್ಪಿನಕಾಯಿ ಹಾಕಿದರು. ಹಿತಕಿದ ಬೇಳೆ ಸಾರಿಗೆ ಇವತ್ತಿಗೂ ಗುಜರಾತಿನವರ ಸುರ್ತಿ ಪಾಪ್ಡಿಯ ಫ್ರೋಜನ್ ಕಾಳು ತರುವವರಿದ್ದಾರೆ. ಮಾಗಡಿ ಅವರೆಯ ಸೊಗಡು ಅದರಲ್ಲಿ ಎಲ್ಲಿಂದ ಬರಬೇಕು? ಆದರೂ ಡಿಸೆಂಬರ್ ಬಂದರೆ ಆ ಸಾರಿನ ನೆನಪಾಗುತ್ತದಲ್ಲ, ಅದನ್ನು ಹತ್ತಿಕ್ಕಿಕೊಂಡು ಕೂರದೆ ಮಾಡಿ ಉಂಡರು.

ಸೂಟ್‌ಕೇಸಿನ ವಿಷಯ. ತುಪ್ಪ, ಪೇಡ, ಖೋವಾ ಸಿಹಿ ಕಟ್ಟಬೇಡಿ. ಹಾಲಿನ ಪದಾರ್ಥವನ್ನು ಪ್ರಯಾಣಿಕರು ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಧಾರವಾಡ ಪೇಡ ಎಂದು ಬೀಗರು ಎಷ್ಟು ಬಲವಂತ ಮಾಡಿದರೂ ಇಲ್ಲೇ ತಿಂದು ಮುಗಿಸಿ. ಹಸಿ ಕರಿಬೇವೂ ಬೇಡ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ಹಣ್ಣಿಗೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿಯಂಥ ಐದಕ್ಕಷ್ಟೇ ವಿನಾಯಿತಿ. ಗಸಗಸೆ ಜರ್ಮನಿಯವರ ಕೇಕಿನಲ್ಲೇ ಇರುತ್ತದೆ, ಬಣ್ಣ ಮಾತ್ರ ಕಪ್ಪು. ಇಲ್ಲಿಂದ ಅದನ್ನು ಒಯ್ಯಲೇಬೇಡಿ. ವಿಮಾನ ದುಬೈ ಮೇಲೆ ಹೋದರೆ ಅಲ್ಲಿ ಅದು ನಿಷೇಧಿತ ಪದಾರ್ಥ, ಜೈಲಿನ ಮಾತು.

ಹಾಗಾದರೆ ಏನು ಒಯ್ಯಬೇಕು? ಪ್ಯಾಕೆಟ್ಟಿನಲ್ಲಿ ಮೊಹರು ಮಾಡಿದ ಬ್ಯಾಡಗಿ ಖಾರದ ಪುಡಿ, ಸಾರಿನ ಪುಡಿ, ಹುಳಿ ಪುಡಿ, ಇಂಗು, ಮರಾಠಿ ಮೊಗ್ಗು, ಗುರೆಳ್ಳು ಪುಡಿ. ತೂಕ ಕಡಿಮೆ, ಬಾಳಿಕೆ ಹೆಚ್ಚು. ಬ್ಯಾಡಗಿ ಮುಗಿದರೆ ಹಂಗೇರಿಯ ಸಿಹಿ ಪ್ಯಾಪ್ರಿಕಾ ಬಣ್ಣ ಕೊಡುತ್ತದೆ, ಖಾರಕ್ಕೆ ಬೇರೆ ಮೆಣಸಿನಕಾಯಿ ಸೇರಿಸಿಕೊಳ್ಳಿ. ಮಿಕ್ಸಿಯನ್ನು ಖಂಡಿತ ಒಯ್ಯಿರಿ. ಅಲ್ಲಿಯೂ 230 ವೋಲ್ಟ್, ಪ್ಲಗ್ಗಿಗೊಂದು ಅಡಾಪ್ಟರ್ ಸಾಕು. ಅಮೆರಿಕಕ್ಕಾದರೆ ಬೇಡವೆನ್ನುತ್ತಿದ್ದೆ. ರೊಟ್ಟಿಗೆ ತಳ ಸಮನಾಗಿರುವ ಕಬ್ಬಿಣದ ಹೆಂಚು ಇರಲಿ. ಅಲ್ಲಿ ಬೆಂಕಿಯ ಒಲೆ ಕಡಿಮೆ, ಗಾಜಿನ ಒಲೆಯೇ ಹೆಚ್ಚು. ರೊಟ್ಟಿಯನ್ನು ಬೆಂಕಿಗೆ ಹಿಡಿದು ಉಬ್ಬಿಸಲು ಆಗದು, ಬಟ್ಟೆಯಲ್ಲಿ ಒತ್ತಿ ಬೇಯಿಸುವ ರೂಢಿ ಮಾಡಿಕೊಳ್ಳಿ. ಇಡ್ಲಿ ಹಿಟ್ಟು ಚಳಿಗೆ ಹುದುಗುವುದಿಲ್ಲ. ಒಲೆ ಹಚ್ಚದೆ ಅವನ್ ಒಳಗಿನ ದೀಪ ಮಾತ್ರ ಹಾಕಿ ರಾತ್ರಿ ಅಲ್ಲಿಡಿ.

ನೆರೆಹೊರೆಯ ಮಾತೂ ಇದೆ. ಆ ದೇಶದಲ್ಲಿರುವ ನಿನ್ನಕ್ಕನ ಮನೆಗೆ ಹೋಗಿದ್ದಾಗ ಕಣ್ಣಾರೆ ಕಂಡದ್ದಿದು. ಮೆಣಸಿನಕಾಯಿ ಘಾಟಿಗೆ ಹೊಗೆಯ ಅಲಾರಂ ಕೂಗುತ್ತದೆ. ಕಿಟಕಿ ತೆರೆದು, ಅಡುಗೆಮನೆ ಬಾಗಿಲು ಹಾಕಿ ಒಗ್ಗರಣೆ ಕೊಡಿ. ರಾತ್ರಿ 10ರ ಮೇಲೆ ಮತ್ತು ಭಾನುವಾರ ಸದ್ದು ಮಾಡಬಾರದು ಎಂಬ ಕಟ್ಟುನಿಟ್ಟು ಅಲ್ಲಿದೆ. ಚಟ್ನಿ ಶನಿವಾರವೇ ರುಬ್ಬಿಡಿ. ಆದರೆ ವಾಸನೆಗೆ ನಾಚಿ ಇಂಗು ಬಿಡಬೇಡಿ. ಹಿಡಿದುಕೊಳ್ಳಬೇಕಾದದ್ದರಲ್ಲಿ ಅದು ಮೊದಲನೆಯದು.

ತುರ್ಕರ ಅಂಗಡಿಗೆ ಹೋಗಲು ಹಿಂಜರಿಯಬೇಡಿ. ಬೆಂಡೆಕಾಯಿ, ಬದನೆ, ಪುದೀನ, ಕಡಲೆಕಾಳು, ಬಿಸಿಬೇಳೆಬಾತಿಗೆ ಹೊಂದುವ ಬುಲ್ಗರ್ ಎಲ್ಲ ಅಲ್ಲಿ ಸಿಗುತ್ತದೆ. ಜರ್ಮನಿ 1961ರಲ್ಲಿ ಒಪ್ಪಂದ ಮಾಡಿಕೊಂಡು ತುರ್ಕಿಯಿಂದ ಕಾರ್ಮಿಕರನ್ನು ಕರೆಸಿಕೊಂಡಿತು. ತಟ್ಟೆಯಲ್ಲಿ ಕೂತು ತಿನ್ನುತ್ತಿದ್ದ ತಮ್ಮ ಡೋನರ್ ಮಾಂಸವನ್ನು ಅವರು ಬ್ರೆಡ್ಡಿನೊಳಗೆ ಎಲೆಕೋಸಿನ ಜೊತೆ ತುಂಬಿ, ಕೆಲಸಕ್ಕೆ ಓಡುವವರ ಕೈಗೆ ಕೊಟ್ಟರು. ಇವತ್ತು ಅದು ಜರ್ಮನಿಯವರದೇ ಊಟ. ತಮ್ಮದನ್ನು ಬಿಡಲಿಲ್ಲ, ಆ ಊರಿನ ಬದುಕಿಗೆ ಬೆನ್ನೂ ತಿರುಗಿಸಲಿಲ್ಲ.

ಹದ ತಪ್ಪುವ ದಾರಿಯೂ ಒಂದಿದೆ, ಅದನ್ನೂ ತಿಳಿದಿರಿ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ಸಾಸ್ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರು. ಜಾಣತನದ ಅಡುಗೆ. ನಮ್ಮ ಬೀದಿಗೆ ಅದು ಗೋಬಿ ಮಂಚೂರಿಯಾಗಿ ಇಳಿದಾಗ ಕಣ್ಣು ಕುಕ್ಕುವ ಕೆಂಪು ಬಣ್ಣ ಸೇರಿಕೊಂಡಿತು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಆ ಕೃತಕ ಬಣ್ಣಗಳನ್ನು ನಿಷೇಧಿಸಬೇಕಾಯಿತು. ರುಚಿಗೆಂದು ಬದಲಿಸಿದ್ದು ಹೊಟ್ಟೆಗೆ ಒಳ್ಳೆಯದೇ ಆಯಿತು, ನೋಟಕ್ಕೆಂದು ಬದಲಿಸಿದ್ದು ಕೆಡಿಸಿತು. ದೋಸೆಗೆ ಚೀಸ್ ಹಾಕುತ್ತೀರೋ, ಹಾಕಿ. ನಾಲಗೆ ಒಪ್ಪಲಿ ಎಂದು ಹಾಕಿ, ಫೋಟೋಕ್ಕೆಂದು ಬೇಡ.

ಇನ್ನು ಜಗಳದ ವಿಷಯ. ಫೋನಿನಲ್ಲಿ ನಿಮ್ಮಮ್ಮ, ಅತ್ತ ಬೀಗಿತಿ, ಇಬ್ಬರೂ ‘ಅದಕ್ಕೆ ಅದನ್ನು ಹಾಕುತ್ತಾರಾ?’ ಎಂದು ಕೇಳಿಯೇ ಕೇಳುತ್ತಾರೆ. ವಾದಕ್ಕೆ ಇಳಿಯಬೇಡ. ‘ಬಂದಾಗ ಮಾಡಿಕೊಡುತ್ತೇನೆ’ ಎಂದು ಹೇಳಿ ಮುಗಿಸು. ನಾಳೆ ಮಕ್ಕಳಾದಾಗ ಅವರು ಬಸ್ಸಾರಿಗೆ ಶ್ಪೆಟ್ಸ್ಲೆ ಕಲಸಿ ತಿಂದರೆ ಗದರಬೇಡಿ. ಅವರ ನಾಲಗೆಯಲ್ಲಿ ಹುಣಸೆ, ಬೆಳ್ಳುಳ್ಳಿಯ ಗುರುತು ಉಳಿದರೆ ಸಾಕು. ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಕೊನೆಯ ಮಾತು. ಯಾವ ಅಂಗಡಿಯ ಯಾವ ಹಿಟ್ಟಿಗೆ ಎಷ್ಟು ನೀರು, ಯಾವ ಸೊಪ್ಪಿಗೆ ಎಷ್ಟು ಹೊತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡು. ಕೈ ಅಂದಾಜು ಇಲ್ಲಿಯ ಪಾತ್ರೆಗೆ, ಇಲ್ಲಿಯ ನೀರಿಗೆ ಕೂತದ್ದು. ಅಲ್ಲಿ ಹೊಸದಾಗಿ ಕೂರಬೇಕು. ವರ್ಷ ಕಳೆಯುವಷ್ಟರಲ್ಲಿ ನಿಮ್ಮ ಹಿಂದೆ ಇನ್ನೊಂದು ಜೋಡಿ ಬಂದಿಳಿಯುತ್ತದೆ, ದಾವಣಗೆರೆಯದೋ ಕಾಸರಗೋಡಿನದೋ. ಅವರನ್ನು ಬಂದ ವಾರವೇ ಊಟಕ್ಕೆ ಕರೆಯಿರಿ, ಹೋಗುವಾಗ ಆ ಪುಸ್ತಕದ ಹಾಳೆಗಳನ್ನು ಕೈಗೆ ಕೊಡಿ. ಅವರ ಮನೆಯ ಅಡುಗೆ ಒಂದನ್ನು ಅದರಲ್ಲಿ ಬರೆಸಿಕೊಳ್ಳುವುದನ್ನು ಮರೆಯಬೇಡಿ.