ಮಸ್ಕಿಯ ಬಂಡೆಯೂ ಅಶೋಕ ಅರಸನ ಜೀವಿತವೂ



ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಮಾರ್ಗದಲ್ಲಿ ಮಸ್ಕಿ ಎಂಬ ಊರಿರುವದು. ಅಲ್ಲಿಯ ಗುಡ್ಡದ ಒಂದು ಬಂಡೆಯ ಮೇಲೆ ಬ್ರಾಹ್ಮೀ ಲಿಪಿಯಿಂದ ಪ್ರಾಕೃತ ಭಾಷೆಯಲ್ಲಿ ಕೆತ್ತಿದ ಬರಹವು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನ ಕಣ್ಣಿಗೆ ಬಿತ್ತು. ಅದುವರೆಗೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ ಇದ್ದವು. ಇಲ್ಲಿಯಾದರೋ ಅಶೋಕನೆಂಬ ಹೆಸರೇ ಇತ್ತು. ಹೀಗೆ ಆ ಬಿರುದುಗಳು ಯಾರವೆಂಬದು ದೃಢವಾಯಿತು.

ಈ ಅರಸನು ಸುಮಾರು ಕ್ರಿ. ಪೂ. 268ರಿಂದ 232ರ ವರೆಗೆ ಆಳಿದನು. ಅರಸರು ತಮ್ಮ ಜಯಗಳನ್ನು ಕಲ್ಲಿನಲ್ಲಿ ಕೆತ್ತಿಸುವದುಂಟು. ಇವನಾದರೋ ದೇಶದ ನಾನಾ ಬಂಡೆಗಳಲ್ಲಿಯೂ ಕಂಬಗಳಲ್ಲಿಯೂ ತನ್ನ ಮನೆಯ ಸಂಗತಿಯನ್ನೂ ಬರೆಯಿಸಿದನು. ಅವುಗಳೊಳಗೆ ನಾಲ್ಕನ್ನು ಆಲೋಚಿಸೋಣ.

1. ಅವನ ಅಡಿಗೆಮನೆ. ಮೊದಲು ಅಲ್ಲಿ ದಿನಾಲು ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರೆಂದೂ, ಈಗ ಎರಡು ನವಿಲು ಒಂದು ಜಿಂಕೆ ಮಾತ್ರವೆಂದೂ, ಅದರಲ್ಲಿ ಜಿಂಕೆಯು ನಿತ್ಯವಲ್ಲವೆಂದೂ, ಮುಂದೆ ಇವನ್ನೂ ಕೊಲ್ಲುವದಿಲ್ಲವೆಂದೂ ಪ್ರಕಟಿಸಿದನು. ಎಲ್ಲವನ್ನೂ ಬಿಟ್ಟವನಂತೆ ತೋರಿಸಿಕೊಳ್ಳದೆ, ಉಳಿದದ್ದರ ಲೆಕ್ಕವನ್ನೂ ಒಪ್ಪಿಸಿದ್ದನ್ನು ಗಮನಿಸಿರಿ.

2. ಅವನ ಒಳಮನೆ. ತಾನು ಊಟಮಾಡುತ್ತಿದ್ದರೂ, ಅಂತಃಪುರದಲ್ಲಿದ್ದರೂ, ತೋಟದಲ್ಲಿದ್ದರೂ ಪ್ರಜೆಗಳ ಕಾರ್ಯವನ್ನು ತನಗೆ ತಿಳಿಸಬೇಕೆಂದು ಅಪ್ಪಣೆಕೊಟ್ಟನು. ಎರಡನೆಯ ರಾಣಿಯಾದ ಕಾರುವಾಕಿಯ ದಾನಗಳು, ಮಾವಿನ ತೋಪಾಗಲಿ ಧರ್ಮಛತ್ರವಾಗಲಿ, ಆಕೆಯ ಹೆಸರಿನಲ್ಲಿಯೇ ಲೆಕ್ಕವಾಗಬೇಕೆಂದು ಆಜ್ಞಾಪಿಸಿದನು.

3. ಅವನ ಯುದ್ಧ. ಪಟ್ಟಾಭಿಷೇಕವಾಗಿ 8 ವರ್ಷಗಳಾದ ಮೇಲೆ ಕಳಿಂಗದೇಶವನ್ನು ಗೆದ್ದನು. 1,50,000 ಜನರು ಸೆರೆಹೋದರೆಂದೂ, 1,00,000 ಜನರು ಹತರಾದರೆಂದೂ, ಅದಕ್ಕೆ ಹಲವು ಪಟ್ಟು ಜನರು ಸತ್ತರೆಂದೂ ತಾನೇ ಹೇಳಿ ಪಶ್ಚಾತ್ತಾಪಪಟ್ಟನು. ಆದರೆ ಕಳಿಂಗದಲ್ಲಿಯೇ ಇರುವ ಧೌಲಿ, ಜೌಗಡ ಎಂಬ ಸ್ಥಳಗಳ ಬಂಡೆಗಳಲ್ಲಿ ಈ ಶಾಸನವಿಲ್ಲ. ಎಲ್ಲಾ ಮನುಷ್ಯರೂ ತನಗೆ ಮಕ್ಕಳೆಂದು ಅಧಿಕಾರಿಗಳಿಗೆ ಬುದ್ಧಿಹೇಳುವ ಬರಹವು ಅಲ್ಲಿದೆ. ಸೆರೆಯವರನ್ನು ತಿರಿಗಿ ಕಳುಹಿಸಿದನೆಂದು ಅವನ ಯಾವ ಶಾಸನವೂ ಹೇಳುವದಿಲ್ಲ. ದೂರದವರ ಮುಂದೆ ತಪ್ಪನ್ನು ಒಪ್ಪಿಕೊಳ್ಳುವದಕ್ಕಿಂತ ನೊಂದವರ ಮುಂದೆ ಒಪ್ಪಿಕೊಳ್ಳುವದು ಅರಸನಿಗೂ ಕಷ್ಟವೆಂದು ನಮಗೆ ತೋರುತ್ತದೆ.

4. ಅವನ ಮನಸ್ಸು. ತಾನು ಬುದ್ಧನ ಮಾರ್ಗವನ್ನು ಹಿಡಿದು ಎರಡೂವರೆ ವರ್ಷ ಮೀರಿತೆಂದು ಮಸ್ಕಿಯ ಬರಹದಲ್ಲಿ ಹೇಳುತ್ತಾನೆ. ಇದರದೇ ಮತ್ತೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿ, ಒಂದು ವರ್ಷ ತಾನು ಹೆಚ್ಚು ಪ್ರಯಾಸಪಡಲಿಲ್ಲವೆಂದೂ ಒಪ್ಪಿಕೊಳ್ಳುತ್ತಾನೆ. ಧರ್ಮದಲ್ಲಿ ನಡೆದರೆ ಅಲ್ಪನಿಗೂ ಈ ಫಲವು ದೊರೆಯುವದು, ದೊಡ್ಡವರಿಗೆ ಮಾತ್ರವೆಂದು ಎಣಿಸಬಾರದು ಎಂಬದೇ ಮಸ್ಕಿಯ ಬಂಡೆಯ ಮುಖ್ಯ ಮಾತು.

ಪ್ರಿಯರೇ, ಹೊರಗಿನ ನಡತೆಗೂ ಒಳಗಿನ ನಡತೆಗೂ ನಡುವೆ ಗೋಡೆಯಿರಬಾರದೆಂಬದನ್ನು ಈ ಅರಸನಿಂದ ಕಲಿಯೋಣ. ಅವನು ಬಿಟ್ಟ ಕೊರತೆಯಿಂದಲೂ ಕಲಿಯೋಣ.

ಆಲೋಚನೆಗೆ ಪ್ರಶ್ನೆಗಳು:

1. ನಮ್ಮ ಮನೆಯ ನಡತೆಯನ್ನು ಊರ ಬಂಡೆಯ ಮೇಲೆ ಬರೆಯಬಹುದೋ?
2. ನಮ್ಮಿಂದ ನೊಂದವನ ಬಾಗಲಿಗೆ ನಾವು ಹೋಗಿದ್ದೇವೋ?