ಇರುವೆಯ ಹಿಂದೆ ಹೊರಟ ಮಗುವಿಗೆ

ಇರುವೆ ವಿಜ್ಞಾನಿ ಆಗುತ್ತೀನಿ ಅಂತ ಮನೆಯಲ್ಲಿ ಹೇಳಿದೆಯಂತೆ. ನಿಮ್ಮಪ್ಪ ತಲೆಮೇಲೆ ಕೈಹೊತ್ತು ಕೂತ. ನಿಮ್ಮಮ್ಮ, ಮೊದಲು ಸಕ್ಕರೆ ಡಬ್ಬಿಗೆ ಹತ್ತಿರೋ ಇರುವೆ ಓಡಿಸು, ವಿಜ್ಞಾನ ಆಮೇಲೆ ಅಂದಳು. ಇಬ್ಬರದೂ ತಪ್ಪಿಲ್ಲ. ನಿನ್ನದೂ ತಪ್ಪಿಲ್ಲ ಮಗು. ಆದರೆ ನಿನಗೆ ಅವಸರ ಜಾಸ್ತಿ. ಡಿಗ್ರಿಗೆ ಇನ್ನೂ ಅರ್ಜಿ ಹಾಕಿಲ್ಲ, ಆಗಲೇ ಅಮೆರಿಕದ ಯಾವ ಲ್ಯಾಬು, ಎಂಥ ಮೈಕ್ರೋಸ್ಕೋಪು ಅಂತ ಲೆಕ್ಕ ಹಾಕುತ್ತಿದ್ದೀಯ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಶಿಡ್ಲಘಟ್ಟದ ಕಡೆ ಯಾರದಾದರೂ ಹುಳು ಮನೆಗೆ ಹೋಗು. ರೇಷ್ಮೆ ತಟ್ಟೆ ಇಟ್ಟ ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ ನಿಂತಿರುತ್ತವೆ. ಯಾಕೆ? ಇರುವೆ ಹತ್ತಿತು ಅಂದರೆ ಎಳೆ ಹುಳು ಉಳಿಯುವುದಿಲ್ಲ. ಬಟ್ಟಲ ನೀರು ಒಣಗಿದ್ದನ್ನು ಮನೆಯವರು ನೋಡುವ ಮೊದಲೇ ಇರುವೆ ನೋಡಿರುತ್ತದೆ. ಹೇಗೆ ಗೊತ್ತಾಯಿತು ಅದಕ್ಕೆ? ಮೊದಲು ಬಂದದ್ದು ಎಷ್ಟು, ಹಿಂದಿರುಗಿದ್ದು ಎಷ್ಟು, ಸಾಲು ಕಟ್ಟಲು ಎಷ್ಟು ಹೊತ್ತು ಹಿಡಿಯಿತು? ಅಲ್ಲಿಂದ ಹಿಪ್ಪುನೇರಳೆ ತೋಟಕ್ಕೆ ಬಾ. ತುಕ್ರಾ ರೋಗ ಬಂದ ಗಿಡದ ಕುಡಿ ಮುದುಡಿರುತ್ತದೆ. ಬಿಡಿಸಿ ನೋಡು, ಒಳಗೆ ಬಿಳಿ ಹಿಟ್ಟು ತಿಗಣೆ. ಅದರ ಸುತ್ತ ಇರುವೆ ಓಡಾಡುತ್ತಿದ್ದರೆ ಓಡಿಸಬೇಡ, ನೋಡುತ್ತಾ ಕೂರು. ತಿಗಣೆ ಸುರಿಸುವ ಸಿಹಿ ಅಂಟಿಗಾಗಿ ಇರುವೆ ಬರುತ್ತದೆ, ತಿಗಣೆ ತಿನ್ನಲು ಬಂದ ಹುಳುವನ್ನು ಅಟ್ಟುತ್ತದೆ. ರೈತನ ಕಣ್ಣಿಗೆ ಎರಡೂ ಪೀಡೆ, ನಿನ್ನ ಕಣ್ಣಿಗೆ ಅದೊಂದು ವ್ಯಾಪಾರ. ನಮ್ಮ ಕಳವಾರ ಊರಿನವರಿಗೆ ಲ್ಯಾಬು ಹಿತ್ತಲಲ್ಲೇ ಇದೆ.

ದುಡ್ಡಿಲ್ಲದೆ ವಿಜ್ಞಾನ ಆಗುತ್ತಾ ಅಂತೀಯ. ರಾಘವೇಂದ್ರ ಗದಗ್ಕರ್ ಅವರ ಹೆಸರು ಕೇಳು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕಿಟಕಿಯಲ್ಲಿ ಗೂಡು ಕಟ್ಟಿದ ಕಣಜಗಳ ಮೇಲೆ ಅವರ ಕಣ್ಣು ಬಿತ್ತು. ಕಣಜ ಅಂದರೆ ಇರುವೆಯ ಹತ್ತಿರದ ನೆಂಟ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿದ್ದು ಅಣು ಜೀವಶಾಸ್ತ್ರದಲ್ಲಿ. ಕಣಜ ನೋಡುವುದನ್ನು ಮಾತ್ರ ಬಿಡಲಿಲ್ಲ. 1979ರಲ್ಲಿ ಪದವಿ ಕೈಗೆ ಬಂದಮೇಲೆ ಪೂರ್ತಿ ಆ ಕಡೆಗೇ ಹೊರಳಿದರು. ಪ್ರತಿ ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ಯಾರನ್ನು ಗದರಿದರು, ಯಾರು ಮರಿಗೆ ಉಣಿಸಿದರು ಅಂತ ಬರೆದುಕೊಂಡರು. ಆ ಗೂಡಿನ ರಾಣಿ ಜೋರಿನವಳಲ್ಲ, ಸಾಧು. ಅವಳನ್ನು ತೆಗೆದರೆ ಮಾತ್ರ ಒಬ್ಬಳು ಕೆಲಸಗಾರ್ತಿ ಇದ್ದಕ್ಕಿದ್ದಂತೆ ಉಗ್ರಳಾಗಿ ಪಟ್ಟಕ್ಕೆ ಬರುತ್ತಾಳೆ. ಇಂಥ ಸಂಗತಿ ಬಣ್ಣದ ಚುಕ್ಕೆ, ಪೆನ್ಸಿಲು, ತಾಳ್ಮೆಯಿಂದ ತಿಳಿಯಿತು. ಅತಿ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಸಂಶೋಧನೆ ಹೇಗೆ ಅಂತ 2021ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದರು. ನಿನ್ನ ನೆಪಕ್ಕೆ ಅಲ್ಲಿ ಜಾಗ ಇಲ್ಲ.

ಅವರ ಬಳಿ ಪಿಎಚ್‌ಡಿ ಮಾಡಿದ ಸುಮನಾ ಅಣ್ಣಗಿರಿ ಈಗ ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಡಯಾಕಮ್ಮ ಎಂಬ ಇರುವೆಯನ್ನು ಓದುತ್ತಾರೆ. ಆ ಇರುವೆಯಲ್ಲಿ ರಾಣಿ ಅಂತ ಬೇರೆ ಜಾತಿಯೇ ಇಲ್ಲ. ಗೂಡು ಬದಲಿಸುವಾಗ ಒಂದು ಇರುವೆ ಮುಂದೆ, ಇನ್ನೊಂದು ಅದರ ಬೆನ್ನಿಗೆ ಮೀಸೆ ತಾಗಿಸುತ್ತಾ ಹಿಂದೆ. ಹಿಂದಿನದು ತಪ್ಪಿಸಿಕೊಂಡರೆ ಮುಂದಿನದು ನಿಂತು ಕಾಯುತ್ತದೆ. ದೊಡ್ಡ ಕಣ್ಣಿನ, ಜಿಗಿಯುವ ಇರುವೆ ಇದೆಯಲ್ಲ, ಹಾರ್ಪೆಗ್ನಾಥೋಸ್, ಅದೂ ನಮ್ಮ ದಕ್ಷಿಣ ಭಾರತದ್ದೇ. 2010ರಲ್ಲಿ ಜಗತ್ತಿನಲ್ಲೇ ಮೊದಲು ಜೀನೋಮ್ ಓದಿದ ಎರಡು ಇರುವೆಗಳಲ್ಲಿ ಅದೊಂದು. ಅಮೆರಿಕದವರು ನಮ್ಮ ಕಡೆಯ ಇರುವೆ ಹುಡುಕುತ್ತಾರೆ, ನೀನು ಅಮೆರಿಕ ಹುಡುಕುತ್ತೀಯ.

ಇನ್ನು ನಿನ್ನ ಕೈಚಳಕದ ಮಾತು. ಗೆದ್ದಲನ್ನು ಬಿಳಿ ಇರುವೆ ಅಂತ ನಾಲ್ಕು ಜನರೆದುರು ಅಂದುಬಿಟ್ಟೀಯ, ಅದು ಜಿರಲೆಯ ಬಳಗ! ಇರುವೆ ಸಿಕ್ಕಿದ ಕೂಡಲೇ ಹೆಸರು ಇಡಬೇಡ. ಮೊದಲು ಮಸೂರದಲ್ಲಿ ಸೊಂಟ ನೋಡು. ಎದೆಗೂ ಹೊಟ್ಟೆಗೂ ನಡುವೆ ಗಂಟು ಒಂದೋ ಎರಡೋ? ಗುರುತಿಸುವಿಕೆ ಅಲ್ಲಿಂದಲೇ ಶುರು. ಆಮೇಲೆ ಮುಕ್ಕೋನದ ಸಣ್ಣ ರಟ್ಟಿನ ತುದಿಗೆ ಅಂಟಿಸಿ, ಸೂಜಿ ಚುಚ್ಚಿ, ಕೆಳಗೆ ಚೀಟಿ ಹಾಕು: ಊರು, ತಾರೀಕು, ಹಿಡಿದವರು. ನಂದಿ ಬೆಟ್ಟದ ಬುಡವೋ ತುದಿಯೋ, ಕಲ್ಲಿನ ಕೆಳಗೋ ಮರದ ಮೇಲೋ, ಅದನ್ನೂ ಬರೆ. ಸೋಮಾರಿತನ ಬೇಡ. ಹೆಸರಿಲ್ಲದ ಇರುವೆಗೆ ನಾಳೆ ಯಾರೋ ಹೆಸರು ಇಟ್ಟಾರು. ಊರಿಲ್ಲದ ಇರುವೆ ಯಾರಿಗೂ ಬೇಡ.

ಓದಿನ ದಾರಿ ಕಷ್ಟದ್ದೇನಲ್ಲ. ಚಿಂತಾಮಣಿಯಲ್ಲೇ ರೇಷ್ಮೆ ಕೃಷಿ ಕಾಲೇಜಿದೆ. ದೇವನಹಳ್ಳಿ ದಾಟಿ ಬಳ್ಳಾರಿ ರಸ್ತೆಯಲ್ಲೇ ಹೋದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಜಿಕೆವಿಕೆ. ಅಲ್ಲಿ ಕೀಟಶಾಸ್ತ್ರ ಕಲಿಸಿದ ಮುಸ್ತಾಕ್ ಅಲಿಯವರು ಇರುವೆಗಳನ್ನು ಜಾತಿವಾರು ಗುರುತಿಸುವುದರಲ್ಲಿ ಹೆಸರಾದವರು. ಅಜಯ್ ನರೇಂದ್ರ, ಸುನಿಲ್ ಕುಮಾರ್ ಸೇರಿ 2006ರಲ್ಲಿ ದಕ್ಷಿಣ ಭಾರತದ ಇರುವೆಗಳ ಮೇಲೆ ಇಂಗ್ಲಿಷಿನಲ್ಲಿ ಒಂದು ಕೈಪಿಡಿ ತಂದರು, ಸಂಪಾದಿಸಿ ಓದು. ಆದರೆ ಮುಚ್ಚುಮರೆ ಬೇಡ: ಇರುವೆಗೇ ಅಂತ ಇರುವ ಹುದ್ದೆ ಬೆರಳೆಣಿಕೆಯಷ್ಟು. ಕೀಟಶಾಸ್ತ್ರವನ್ನೋ ಪ್ರಾಣಿಶಾಸ್ತ್ರವನ್ನೋ ಗಟ್ಟಿಯಾಗಿ ಓದು, ಅನ್ನ ಅಲ್ಲಿಂದ ಬರಲಿ. ಗದಗ್ಕರ್ ಮಾಡಿದ್ದೂ ಅದನ್ನೇ, ಒಂದು ಕೈಯಲ್ಲಿ ಪದವಿ, ಇನ್ನೊಂದು ಕೈಯಲ್ಲಿ ಗೂಡು.

ನನ್ನ ಕೈಲಾಗುತ್ತಾ ಅಂತ ಅಂಜಬೇಡ. ಅಮೆರಿಕದ ಎಡ್ವರ್ಡ್ ವಿಲ್ಸನ್ ಏಳನೇ ವಯಸ್ಸಿಗೆ ಮೀನು ಹಿಡಿಯುವಾಗ ಅದರ ಮುಳ್ಳು ತಾಗಿ ಒಂದು ಕಣ್ಣು ಕಳೆದುಕೊಂಡರು. ಮುಂದೆ ಕಿವಿಯೂ ಮಂದವಾಯಿತು. ದೂರದ ಹಕ್ಕಿ ಕಾಣದು, ದನಿ ಕೇಳದು. ಉಳಿದ ಒಂದು ಕಣ್ಣಿಗೆ ಹತ್ತಿರದ್ದು ಚೆನ್ನಾಗಿ ಕಾಣುತ್ತಿತ್ತು, ಇರುವೆ ಹಿಡಿದರು. 1991ರಲ್ಲಿ ಇರುವೆಯ ಪುಸ್ತಕಕ್ಕೇ ಪುಲಿಟ್ಜರ್ ಪ್ರಶಸ್ತಿ ಬಂತು. ಕೈಲಿಲ್ಲದ್ದಕ್ಕೆ ಅಳುತ್ತಾ ಕೂರಲಿಲ್ಲ ಪುಣ್ಯಾತ್ಮ.

ಜನ ನಗುತ್ತಾರೆ, ನಗಲಿ. ಇರುವೆ ಸಾಲಿನಲ್ಲಿ ಹೋಗುವವರೆಲ್ಲ ಹೆಣ್ಣುಗಳೇ ಅಂತ ಹೇಳಿ ಅವರ ಬಾಯಿ ಮುಚ್ಚಿಸು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು, ಕಾಣದ್ದನ್ನು ಕಂಡೆ ಅಂತ ಬರೆಯಬೇಡ. ಒಂದೇ ಒಂದು ಗೂಡನ್ನು ಒಂದು ಮಳೆಗಾಲ ಪೂರ್ತಿ ದಿನಾ ನೋಡಿ ಬರೆದು ತಂದು ತೋರಿಸು. ಆಗಲೂ ಬೇಸರ ಬಂದಿರದಿದ್ದರೆ ನಿಮ್ಮಪ್ಪನ ಹತ್ತಿರ ನಾನೇ ಮಾತಾಡುತ್ತೀನಿ.